ಕರಿ ಬೆಲ್ಲದ ಪಾಕ, ಭೀಮೆಯ ಉಸುಕು

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ. ಕಾಲಿಗೆ ಮೊದಲು ತಾಗುವುದು ಶಹಾಬಾದ ಪರಸಿಯ ತಣ್ಣನೆಯ ನೆಲ. ಬೇಸಿಗೆಯಲ್ಲಿ ಇದೇ ಕಲ್ಲಿನ ಮೇಲೆ ಬರಿಮೈಯಲ್ಲಿ ಉರುಳಾಡುವ ಜನ ಈಗ ಪುಷ್ಯದ ಚಳಿಗೆ ತುದಿಗಾಲಲ್ಲಿ ಓಡಾಡುತ್ತಿದ್ದಾರೆ. ಎಳ್ಳ ಅಮಾಸಿ ಮೊನ್ನೆ ಮುಗಿದಿದೆ. ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ ಉಂಡು ಬಂದ ದಣಿವು ಇನ್ನೂ ಎಲ್ಲರ ಮೈಯಲ್ಲಿದೆ. ಹೊತ್ತು ಮುಳುಗಲು ಇನ್ನೂ ಒಂದು ತಾಸಿದೆ.

ಊರು ಅಫಜಲಪುರ ತಾಲ್ಲೂಕಿನದು, ಭೀಮಾ ದಂಡೆಗೆ ಹತ್ತಿರ. ಅಡಿಗೆಮನೆಯಲ್ಲಿ ಇಬ್ಬರಿದ್ದಾರೆ. ಅತ್ತೆಯ ತವರು ಜೇವರ್ಗಿ ಕಡೆ, ಸೊಸೆಯದು ಆಳಂದ. ಅತ್ತೆ ಹಳೆ ಪೇಪರ್ ಹಾಸಿ, ಮೊಣಕಾಲು ಮಡಚಿ ಕೂತು, ಕುಟ್ಟಾಣಿಯಿಂದ ಬೆಲ್ಲದ ಪೆಂಟಿ ಒಡೆಯುತ್ತಿದ್ದಾರೆ. ಒಡೆಯುತ್ತಿದ್ದಾರೆ ಅನ್ನುವುದು ಪೂರ್ತಿ ನಿಜವಲ್ಲ. ಪೆಟ್ಟು ಬಿದ್ದ ಕಡೆ ಬೆಲ್ಲ ತಗ್ಗುತ್ತದೆ, ಸೀಳುವುದಿಲ್ಲ. ಮೇಲ್ಮೈ ಕರಿಗೆಂಪು, ಒಳಮೈ ಒದ್ದೆ. ಬೆರಳಿಗೆ ಹತ್ತಿದ್ದು ಸೆರಗಿಗೆ ಒರೆಸಿದರೂ ಹೋಗುವುದಿಲ್ಲ.

"ಇದ್ಯಾವ ಬೆಲ್ಲ ತರಸೀದಿ ಯವ್ವಾ, ಇಷ್ಟು ಕರ್ರಗ ಅದ? ಹೋಳಗಿಗಿ ಹಾಕಿದ್ರ ಹೂರ್ಣ ಮಣ್ಣಿನ ಬಣ್ಣ ಬರ್ತದ."

"ಹೋಳಗಿಗಿ ಅಲ್ರಿ ಅತ್ತಿ. ನಾ ಮಾಡೋದಕ್ಕ ಇಂಥಾದ್ದೇ ಬೇಕು."

ಒಂದು ಚೂರು ನೀವೂ ಬಾಯಿಗೆ ಹಾಕಿಕೊಳ್ಳಿ. ಮೊದಲು ಸಿಹಿ. ಆಮೇಲೆ ನಾಲಿಗೆಯ ಅಂಚಿಗೆ ಉಪ್ಪು. ಎಲ್ಲ ಕರಗಿದ ಮೇಲೆ ಗಂಟಲ ಹತ್ತಿರ ಸಣ್ಣದೊಂದು ಕಹಿ. ಉಪ್ಪನ್ನು ಯಾರೂ ಬೆರೆಸಿದ್ದಲ್ಲ. ನೀರು ಹೆಚ್ಚಾಗಿ ಸವಳು ಹಿಡಿದ ಎರೆ ಹೊಲದಲ್ಲಿ ಬೆಳೆದ ಕಬ್ಬು ನೆಲದ ಉಪ್ಪನ್ನೂ ಹೀರಿಕೊಳ್ಳುತ್ತದೆ, ಅದು ಕಬ್ಬಿನ ಹಾಲಿಗೆ ಬರುತ್ತದೆ, ಹಾಲಿನಿಂದ ಬೆಲ್ಲಕ್ಕೆ. ಇಂಥ ಬೆಲ್ಲವನ್ನು ಪ್ಯಾಟೆಯಲ್ಲಿ ಕೊಳ್ಳುವವರು ಕಡಿಮೆ. ಕೊಂಡರೂ ಅರ್ಧ ರೇಟು ಕೇಳುತ್ತಾರೆ.

ಈ ಸೀಮೆಯ ಕಬ್ಬು ಬಹುಪಾಲು ಗಾಣ ಕಾಣುವುದೇ ಇಲ್ಲ. ಅಫಜಲಪುರದ ಹವಳಗಾ ಕಾರ್ಖಾನೆಗೆ, ಆಳಂದದ ಭೂಸನೂರ ಕಾರ್ಖಾನೆಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತವೆ; ರಾತ್ರಿ ರಸ್ತೆಯಲ್ಲಿ ನಿಮ್ಮ ಗಾಡಿಗೆ ದಾರಿ ಬಿಡದ ಆ ಜೋಡಿ ಟ್ರೇಲರುಗಳು ಅವೇ. ಅಲ್ಲೊಂದು ಇಲ್ಲೊಂದು ಉಳಿದ ಗಾಣಕ್ಕೆ ನಸುಕಿನಲ್ಲಿ ಹೋದರೆ ಕೊಪ್ಪರಿಗೆಯ ಸುತ್ತ ನಾಲ್ಕು ಜನ ಕಂಬಳಿ ಹೊದ್ದು ನಿಂತಿರುತ್ತಾರೆ. ಕೆಳಗೆ ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯ ಉರಿ. ಹಾಲು ಕುದಿಯುತ್ತ ಬಂದಂತೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಎತ್ತಿ ಎಸೆಯುತ್ತಾರೆ. ಚಿಟಿಕೆ ಸುಣ್ಣ ಬೀಳುತ್ತದೆ. ಹಾಲಿನ ನೀರೆಲ್ಲ ಹಾರಿ, ಶಾಖ 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಮುಟ್ಟಿದಾಗ ಪಾಕ ಇಳಿಸಬೇಕು. ಥರ್ಮಾಮೀಟರ್ ಯಾರ ಕೈಯಲ್ಲೂ ಇಲ್ಲ. ತಣ್ಣೀರಿಗೆ ಒಂದು ಹನಿ ಬಿಡುತ್ತಾರೆ, ಬೆರಳಲ್ಲಿ ಉಂಡೆಯಾಯಿತೋ ನೋಡುತ್ತಾರೆ. ಬೆಲ್ಲ ಬಂಗಾರದ ಬಣ್ಣಕ್ಕೆ ತಿರುಗಲಿ ಎಂದು ಎಷ್ಟೋ ಕಡೆ ಹೈಡ್ರೋಸ್ ಹಾಕುತ್ತಾರೆ, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಹಾಕದಿದ್ದರೆ ಹೀಗೆ ಕಪ್ಪು. ಬಣ್ಣಕ್ಕೆ ಬೆಲೆ ಕಟ್ಟುವ ಪ್ಯಾಟೆ ರುಚಿಯನ್ನು ಬಲಿಕೊಟ್ಟಿದೆ ಅನ್ನುವುದು ನನ್ನ ಹಳೆಯ ತಕರಾರು. ಈ ಸಂಜೆ ನನ್ನ ಪರವಾಗಿ ವಾದಿಸಲು ಒಂದು ಇಂಗ್ಲಿಷ್ ಸಿಹಿ ಸಿಕ್ಕಿದೆ.

ಸೊಸೆ ಮಾಡಹೊರಟಿರುವುದು ಸ್ಟಿಕಿ ಟಾಫಿ ಪುಡಿಂಗ್. ಖರ್ಜೂರ ಅರೆದು ಹಾಕಿದ ಮೆತ್ತನೆಯ ಕೇಕ್, ಅದರ ಮೇಲೆ ಬೆಣ್ಣೆ, ಕೆನೆ ಕೂಡಿಸಿದ ಬಿಸಿ ಪಾಕ. ಇದಕ್ಕೆ ಹೆಸರು ತಂದದ್ದು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನ ಶಾರೋ ಬೇ ಹೋಟೆಲು. ಉಲ್ಸ್‌ವಾಟರ್ ಸರೋವರದ ದಂಡೆಯ ಆ ಹೋಟೆಲನ್ನು 1948ರಲ್ಲಿ ತೆರೆದ ಫ್ರಾನ್ಸಿಸ್ ಕೋಲ್ಸನ್ 1970ರ ದಶಕದಲ್ಲಿ ಇದನ್ನು ಬಡಿಸತೊಡಗಿದರು. ಮೊದಲು ಮಾಡಿದವರು ನಾವು ಎಂದು ಸ್ಕಾಟ್ಲೆಂಡಿನಲ್ಲೂ ಒಂದು ಹೋಟೆಲು ಹಟ ಹಿಡಿದಿದೆ. ಆ ಜಗಳ ಅವರಿಗೇ ಇರಲಿ. ನಮಗೆ ಬೇಕಾದ ಸಂಗತಿ ಬೇರೆ. ಈ ಪುಡಿಂಗಿನ ಎಷ್ಟೋ ಒಳ್ಳೆಯ ಪಾಕವಿಧಾನಗಳು ಕೇಳುವುದು ಬಿಳಿ ಸಕ್ಕರೆಯನ್ನಲ್ಲ, ಮಸ್ಕೊವಾಡೊ ಎಂಬ ಕರಿ ಸಕ್ಕರೆಯನ್ನು, ಕಾಕಂಬಿ ಬೇರ್ಪಡಿಸದೆ ಉಳಿಸಿಕೊಂಡ, ಒದ್ದೆಯಾದ, ಸ್ವಲ್ಪ ಕಹಿಯ ಸಕ್ಕರೆಯನ್ನು. ಅದರ ಜತೆಗೆ ಒಂದು ಚಿಟಿಕೆ ಉಪ್ಪು ಹಾಕಿ ಅನ್ನುತ್ತವೆ. ಇಲ್ಲಿ, ಪೇಪರಿನ ಮೇಲೆ, ಎರಡೂ ಒಂದೇ ಪೆಂಟಿಯಲ್ಲಿ ಕೂತಿವೆ.

ಈಗ ಒಲೆಯ ಕಡೆ ತಿರುಗಿ. ಸಣ್ಣ ಪಾತೇಲಿಯಲ್ಲಿ ಉತ್ತತ್ತಿ ಕುದಿಯುತ್ತಿದೆ. ನಿನ್ನೆ ರಾತ್ರಿಯೇ ನೆನೆಹಾಕಿದ್ದು, ಆದರೂ ಇಪ್ಪತ್ತು ನಿಮಿಷ ಬೇಯದೆ ಅದು ಬಗ್ಗುವ ಜಾತಿಯಲ್ಲ. ಇದು ಅತ್ತೆ ಸ್ಟೀಲ್ ಡಬ್ಬಿಯಲ್ಲಿ ಜೋಪಾನ ಮಾಡಿಟ್ಟಿದ್ದ ತೇರಿನ ಉತ್ತತ್ತಿ. ಹೋಳಿ ಹುಣ್ಣಿಮೆಯಾದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುವಾಗ ಜನ ಬಾಳೆಹಣ್ಣು, ಉತ್ತತ್ತಿ ಎಸೆಯುತ್ತಾರಲ್ಲ, ಕಳಸಕ್ಕೆ ತಾಗಿ ಕೆಳಗೆ ಬಿದ್ದದ್ದನ್ನು ಸೆರಗೊಡ್ಡಿ ಹಿಡಿದು ತಂದದ್ದು. ಶರಣರು 1746ರಲ್ಲಿ ಹುಟ್ಟಿದ್ದು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಹೊಲದ ಬೆಳೆ ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಕುಡಿಯಲು ನೀರಿಟ್ಟವರು ಎಂದು ಅವರ ಕತೆ ಹೇಳುವಾಗ ಅತ್ತೆಗೆ ತವರಿನ ಹೆಮ್ಮೆ ಒಂದಿಷ್ಟು ಸೇರಿಕೊಳ್ಳುತ್ತದೆ.

"ತೇರಿನ ಉತ್ತತ್ತಿ ಕೇಕಿಗಿ ಹಾಕ್ತಿ? ಪ್ರಸಾದ ಅದು."

"ಪ್ರಸಾದ ಅಂದ್ರ ತಿನ್ನೋದೇ ಅಲ್ರಿ. ಡಬ್ಬ್ಯಾಗ ಹುಳ ತಿಂದ್ರ ಛಲೋ ಏನ್?"

ಅತ್ತೆ ಉತ್ತರ ಕೊಡುವುದಿಲ್ಲ. ಒಂದು ಉತ್ತತ್ತಿ ಎತ್ತಿ, ಹಣೆಗೆ ಮುಟ್ಟಿಸಿ, ಬೀಜ ತೆಗೆಯಲು ಶುರು ಮಾಡುತ್ತಾರೆ. ಒಪ್ಪಿಗೆ ಅಂದರೆ ಅಷ್ಟೇ.

ಬರೀ ಉತ್ತತ್ತಿಯಾದರೆ ನಾರು ಹೆಚ್ಚು, ಅಂಟು ಕಡಿಮೆ. ಅದಕ್ಕೆ ಅರ್ಧದಷ್ಟು ಮೆತ್ತನೆಯ ಖರ್ಜೂರ ಸೇರಬೇಕು. ಅದು ಆಳಂದದ ಬಜಾರಿನಿಂದ ಬಂದಿದೆ, ಸೊಸೆಯ ತವರುಮನೆಯ ಬುತ್ತಿಯ ಜತೆಗೆ. ಲಾಡ್ಲೆ ಮಶಾಕ್ ದರ್ಗಾದ ಊರಲ್ಲಿ ಆಡಿ ಬೆಳೆದ ಹುಡುಗಿ ಆಕೆ. ರಂಜಾನಿನಲ್ಲಿ ರೋಜಾ ಬಿಡುವ ಹೊತ್ತಿಗೆ ಪಕ್ಕದ ಮನೆಯಿಂದ ಖರ್ಜೂರದ ತಟ್ಟೆ ಗೋಡೆ ದಾಟಿ ಬರುತ್ತಿತ್ತಂತೆ. ಎರಡೂ ಕೂಡಿ ಒಂದು ಬಟ್ಟಲು, ಸುಮಾರು 200 ಗ್ರಾಂ. ಅದೇ ಕುದಿಯುವ ನೀರು ಒಂದು ಬಟ್ಟಲು. ಈಗ ಹತ್ತಿರ ಬಂದು ನೋಡಿ: ಒಂದು ಸಣ್ಣ ಚಮಚ ಅಡಿಗೆ ಸೋಡಾ ಬೀಳುತ್ತಲೇ ನೀರು ಬುಸುಗುಟ್ಟಿ ನೊರೆ ಏಳುತ್ತದೆ, ಹಸಿರು ಮಿಶ್ರಿತ ಕಂದು ನೊರೆ, ನೋಡಲು ಚಂದವಿಲ್ಲ. ಸೋಡಾ ಖರ್ಜೂರದ ಸಿಪ್ಪೆಯನ್ನು ಕರಗಿಸುತ್ತದೆ, ಬಣ್ಣವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಹತ್ತು ನಿಮಿಷ ಬಿಟ್ಟು ಮಿಕ್ಸಿಗೆ ಹಾಕಿದರೆ ಗಟ್ಟಿ ಮಜ್ಜಿಗೆಯ ಹದ. ಪೂರ್ತಿ ನುಣ್ಣಗೆ ಬೇಡ. ಅಲ್ಲಲ್ಲಿ ಚೂರು ಹಲ್ಲಿಗೆ ಸಿಗಬೇಕು.

ಓವನ್ ಎಲ್ಲಿ ಎಂದು ನೀವು ಹುಡುಕುತ್ತಿದ್ದೀರಿ. ಇಲ್ಲ. ಇದ್ದರೂ ಸಂಜೆಯ ಕರೆಂಟನ್ನು ನಂಬಿ ಕೇಕ್ ಇಡುವ ಧೈರ್ಯ ಯಾರಿಗಿದೆ? ಸೊಸೆ ಅಟ್ಟದಿಂದ ಹಳೆಯ ಐದು ಲೀಟರಿನ ಕುಕ್ಕರ್ ಇಳಿಸಿದ್ದಾಳೆ. ಮುಚ್ಚಳದ ರಬ್ಬರ್ ತೆಗೆದಳು, ಸೀಟಿ ತೆಗೆದು ಕಿಟಕಿಯ ಮೇಲಿಟ್ಟಳು. ಒತ್ತಡ ಕಟ್ಟಬಾರದು, ಬರೀ ಶಾಖ ಸುತ್ತಬೇಕು. ತಳಕ್ಕೆ ಕೆಲವರು ಉಪ್ಪು ಹರಡುತ್ತಾರೆ. ಈ ಮನೆಯಲ್ಲಿ ಉಸುಕು, ಭೀಮಾ ಉಸುಕು. ಹಿತ್ತಲ ಗೋಡೆ ಕಟ್ಟುವಾಗ ಉಳಿದದ್ದನ್ನು ಸಾಣಿಸಿ, ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ ಇಟ್ಟಿದ್ದಾರೆ. ಈ ನದಿಯ ಉಸುಕಿಗಾಗಿ ಎಷ್ಟು ಟಿಪ್ಪರ್, ಎಷ್ಟು ರಾತ್ರಿ ಓಡಾಟ, ಎಷ್ಟು ಪೊಲೀಸ್ ಕೇಸು! ಇಲ್ಲಿ ಬೇಕಾದದ್ದು ಎರಡು ಬಟ್ಟಲು. ಚುರಮುರಿ ಭಟ್ಟಿಯವರು ತಲೆತಲಾಂತರದಿಂದ ಬಿಸಿ ಉಸುಕಿನಲ್ಲಿ ಅಕ್ಕಿ ಅರಳಿಸಿಲ್ಲವೇ? ಉಸುಕು ನಿಧಾನ ಕಾಯುತ್ತದೆ, ಕಾದ ಮೇಲೆ ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದರ ಮೇಲೊಂದು ತಗಡಿನ ಸ್ಟ್ಯಾಂಡ್, ಮುಚ್ಚಳ, ನಡು ಉರಿಯಲ್ಲಿ ಹತ್ತು ನಿಮಿಷ.

ಅಷ್ಟರಲ್ಲಿ ಹಿಟ್ಟು. ಪರಾತದಲ್ಲಿ ಬೆಣ್ಣೆ, ಎಮ್ಮೆಯದು, ಬಿಳಿ, ಸುಮಾರು 80 ಗ್ರಾಂ. ತುರಿದ ಕರಿ ಬೆಲ್ಲ 150 ಗ್ರಾಂ. ಸೊಸೆ ಅಂಗೈಯಿಂದ ತಿಕ್ಕುತ್ತಾಳೆ, ಶಂಕರಪಾಳಿ ಹಿಟ್ಟಿಗೆ ತುಪ್ಪ ತಿಕ್ಕುವ ಅದೇ ಕೈ. ಬೆಲ್ಲದ ಹರಳು ಒಂದೊಂದಾಗಿ ಕರಗಿ ಬೆಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಇಂಗ್ಲೆಂಡಿನವರು ಇಲ್ಲಿ ಎರಡು ತತ್ತಿ ಒಡೆಯುತ್ತಾರೆ. ಲಿಂಗ ಕಟ್ಟಿದ ಮನೆಯೊಳಗೆ ಆ ಮಾತೇ ಇಲ್ಲ. ಅದರ ಜಾಗಕ್ಕೆ ಅರ್ಧ ಬಟ್ಟಲು ಗಟ್ಟಿ ಮೊಸರು. ಮೊಸರಿನ ಹುಳಿಗೂ ಖರ್ಜೂರದಲ್ಲಿರುವ ಸೋಡಾಕ್ಕೂ ಗಂಟು ಬಿದ್ದು ಹಿಟ್ಟು ಉಬ್ಬುತ್ತದೆ. ಮೇಲೆ ಒಂದೂವರೆ ಬಟ್ಟಲು ಹಿಟ್ಟು, ಅರ್ಧ ಮೈದಾ ಅರ್ಧ ಗೋಧಿ, ಒಂದು ಚಮಚ ಬೇಕಿಂಗ್ ಪೌಡರ್. ಏಲಕ್ಕಿ ಹಾಕಲಿಲ್ಲ. ಅತ್ತೆಗೆ ಅದು ಸಹಿಸಲಾರದ ವಿಷಯ. ಏಲಕ್ಕಿ ಇಲ್ಲದ ಸಿಹಿಯನ್ನು ಅವರು ಸಿಹಿ ಎಂದು ಲೆಕ್ಕಕ್ಕೇ ಇಡುವುದಿಲ್ಲ. ಸೊಸೆ ಆ ಕಡೆ ತಿರುಗಿದಾಗ ಒಣಶುಂಠಿಯ ಒಂದು ಚಿಟಿಕೆ ಹಿಟ್ಟಿಗೆ ಬಿದ್ದದ್ದನ್ನು ನೀವು ನೋಡಿದಿರಿ. ಸುಮ್ಮನಿರಿ.

ತುಪ್ಪ ಸವರಿದ ಡಬ್ಬಿಗೆ ಹಿಟ್ಟು ಸುರಿದು, ಇಕ್ಕಳದಿಂದ ಕುಕ್ಕರಿನೊಳಗೆ ಇಳಿಸಿ, ಮುಚ್ಚಳ ಹಾಕಿ, ಉರಿಯನ್ನು ಪೂರ್ತಿ ಸಣ್ಣ ಮಾಡಿದರೆ ಇನ್ನು ಮುಕ್ಕಾಲು ತಾಸು ಯಾರೂ ತೆರೆಯಬಾರದು.

ಹೊರಗೆ ಬಂದು ಕಟ್ಟೆಯ ಮೇಲೆ ಕೂಡಿ. ತೊಗರಿ ಕೊಯ್ಲು ನಡೆದಿದೆ. ರಾಶಿಯ ಮಷೀನು ಎಲ್ಲೋ ದೂರ ಗುಂಯ್‌ಗುಡುತ್ತಿದೆ, ಗಾಳಿಯಲ್ಲಿ ಸಣ್ಣ ಹೊಟ್ಟು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ಇದೇ. ಈ ಮನೆಯಲ್ಲಿ ಅದರ ಬಗ್ಗೆ ಮಾತು ಬಂದರೆ ಗುರುತಿಗಿಂತ ಮೊದಲು ರೇಟಿನ ಪ್ರಶ್ನೆ ಬರುತ್ತದೆ. ಆ ಕಡೆ, ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಕೊಟ್ಟಿದ್ದಾರೆ. ಇಷ್ಟು ಹೊತ್ತು ಮೂಗಿಗೆ ಬರುತ್ತಿದ್ದುದು ಆ ಹೊಗೆ. ಇದ್ದಕ್ಕಿದ್ದಂತೆ ಅದನ್ನು ಹಿಂದೆ ಹಾಕಿ ಒಳಗಿನ ವಾಸನೆ ಬರುತ್ತದೆ: ಮೊದಲು ಬೆಣ್ಣೆ, ಹಿಂದಿನಿಂದ ಖರ್ಜೂರ, ಅದರ ಹಿಂದೆ ಸುಡುವ ಅಂಚಿಗೆ ಬಂದ ಬೆಲ್ಲ. ಓಣಿಯ ಹುಡುಗರು ಬಾಗಿಲ ಬಳಿ ಸುಳಿದಾಡತೊಡಗುತ್ತಾರೆ. ಅವರಿಗೆ ಗೊತ್ತಿರುವ ಕೇಕ್ ಅಂದರೆ ಅಫಜಲಪುರದ ಬೇಕರಿಯಿಂದ ಹುಟ್ಟುಹಬ್ಬಕ್ಕೆ ಬರುವ, ಗುಲಾಬಿ ಕ್ರೀಮಿನ, ಮುಖಕ್ಕೆ ಬಳಿಯಲು ಇರುವ ಕೇಕ್. ಈ ವಾಸನೆ ಅದರದ್ದಲ್ಲ.

"ಹೊಳ್ಳಿ ಬರ್ರಿ ಒಳಗ, ಪಾಕ ಹಿಡೀಲತ್ತೀನಿ," ಎಂದು ಸೊಸೆ ಕರೆಯುತ್ತಾಳೆ. ಈ ಅಡಿಗೆಯ ಜೀವ ಇಲ್ಲಿದೆ, ಆದ್ದರಿಂದ ಒಲೆಯ ಪಕ್ಕದಲ್ಲೇ ನಿಂತುಕೊಳ್ಳಿ.

ದಪ್ಪ ತಳದ ಪಾತೇಲಿ. 200 ಗ್ರಾಂ ಬೆಲ್ಲ, ಮುಳುಗುವಷ್ಟಲ್ಲ, ತೋಯುವಷ್ಟು ನೀರು. ಕರಗಿದ ಕೂಡಲೆ ಸಾಣಿಗೆಯಲ್ಲಿ ಸೋಸುತ್ತಾಳೆ. ಸಾಣಿಗೆಯಲ್ಲಿ ಕಬ್ಬಿನ ಸಿಪ್ಪೆಯ ಎಳೆ, ಒಂದು ಹುಲ್ಲುಕಡ್ಡಿ, ನಾಲ್ಕು ಕಲ್ಲಿನ ಹರಳು. ಮತ್ತೆ ಒಲೆಗೆ. ಮೊದಲು ಬರುವ ಗುಳ್ಳೆಗಳು ಸಣ್ಣವು, ಅವಸರದವು, ಒಡೆದು ಸಿಡಿಯುವವು. ನೀರು ಹಾರುತ್ತ ಹೋದಂತೆ ಗುಳ್ಳೆ ದೊಡ್ಡದಾಗುತ್ತದೆ, ಸೋಮಾರಿಯಾಗುತ್ತದೆ, ಒಡೆಯುವ ಮುಂಚೆ ಒಂದು ಕ್ಷಣ ಹೊಳೆದು ನಿಲ್ಲುತ್ತದೆ. ಸದ್ದೂ ಬದಲಾಗುತ್ತದೆ. ಸೊಸೆ ಮೊಬೈಲಿನಲ್ಲಿ ನಿಮಿಷ ನೋಡುತ್ತಿದ್ದಾಳೆ. ಅತ್ತೆ ಮೊಬೈಲ್ ನೋಡಲಿಲ್ಲ, ಪಾತೇಲಿಯನ್ನೂ ಸರಿಯಾಗಿ ನೋಡಲಿಲ್ಲ. ಹಿಂದಿನಿಂದ ಬಂದು ಚಮಚ ಕಸಿದು, ತಾಟಿನ ತಣ್ಣೀರಿಗೆ ಒಂದು ಹನಿ ಬಿಟ್ಟರು. ಹನಿ ನೀರಲ್ಲಿ ಹರಡದೆ ತಳದಲ್ಲಿ ಕೂತಿತು. ಬೆರಳಿಂದ ಒತ್ತಿದರು, ಮೆತ್ತಗೆ ಚಪ್ಪಟೆಯಾಯಿತು.

"ಆಯ್ತು, ಇಳಸು. ಇನ್ನ ಎರಡು ನಿಮಿಷ ಬಿಟ್ರ ಶೇಂಗಾ ಉಂಡಿ ಪಾಕ ಆಗ್ತದ, ಆಮ್ಯಾಲ ಹಲ್ಲು ಮುರೀತದ."

ಪುಸ್ತಕದ ಲೆಕ್ಕದಲ್ಲಿ ಇದು 112ರಿಂದ 116 ಡಿಗ್ರಿಯ ನಡುವಿನ ಹದ. ಪುಡಿಂಗಿನ ಪಾಕವಿಧಾನ ಇಷ್ಟು ಕಾಯಿಸಲು ಹೇಳುವುದೂ ಇಲ್ಲ; ಬೆಣ್ಣೆ, ಸಕ್ಕರೆ, ಕೆನೆ ಒಟ್ಟಿಗೆ ಹಾಕಿ ಕುದಿಸಿ ಅನ್ನುತ್ತದೆ. ಸಕ್ಕರೆಗೆ ಅದು ನಡೆದೀತು. ಬೆಲ್ಲಕ್ಕೆ ನಡೆಯುವುದಿಲ್ಲ. ಬೆಲ್ಲದಲ್ಲಿ ಹುಳಿ ಇದೆ, ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ. ಪಾಯಸ ಮಾಡುವ ಎಲ್ಲರಿಗೂ ಈ ಭಯ ಗೊತ್ತು. ಆದ್ದರಿಂದ ಇಲ್ಲಿಯ ಕ್ರಮ ಬೇರೆ: ಪಾಕ ಇಳಿಸಿ, ಬೆಣ್ಣೆ ಹಾಕಿ ಕರಗಿಸಿ, ಉಗುರಿನ ತುದಿಯಷ್ಟು ಸೋಡಾ. ಪಾಕ ಬಣ್ಣ ಬಿಳಚಿ ಉಕ್ಕಿ, ಮತ್ತೆ ಇಳಿಯುತ್ತದೆ. ಹುಳಿ ಸತ್ತಿತು. ಆಮೇಲೆ ಎಮ್ಮೆ ಹಾಲಿನ ಕೆನೆ, ಫ್ರಿಜ್ಜಿನದಲ್ಲ, ಹೊರಗಿಟ್ಟು ಚಳಿ ಬಿಡಿಸಿ ಕಡೆದದ್ದು. ಒಂದು ಚಮಚ, ಕಲಕಿ. ಇನ್ನೊಂದು ಚಮಚ, ಕಲಕಿ. ಕರಿ ಪಾಕದಲ್ಲಿ ಬಿಳಿ ಗೆರೆ ಸುತ್ತಿ ಸುತ್ತಿ ಮಾಯವಾಗುತ್ತದೆ, ಪಾಕ ದಪ್ಪವಾಗುತ್ತದೆ, ಚಮಚ ಎತ್ತಿದರೆ ಅಗಲವಾದ ಪಟ್ಟಿಯಾಗಿ ಇಳಿಯುತ್ತದೆ. ಒಡೆಯಲಿಲ್ಲ. ಅತ್ತೆ ಬೆರಳದ್ದಿ ನೆಕ್ಕಿದರು.

"ಉಪ್ಪು ಹಾಕೀದೇನು?"

"ಇಲ್ರಿ. ಬೆಲ್ಲದ್ದೇ."

ಅತ್ತೆ ಇನ್ನೊಮ್ಮೆ ಬೆರಳದ್ದಿದರು. ಈ ಸಲ ಎರಡು ಬೆರಳು.

ಇದೇ ಪಾಕವನ್ನು ಹಳದಿ ಬೆಲ್ಲದಲ್ಲಿ ಮಾಡಿದರೆ ಸಿಹಿ ಇರುತ್ತದೆ, ಅಂಟೂ ಇರುತ್ತದೆ, ಎರಡು ತುತ್ತಿಗೆ ಮೊಗ ಮುರಿಯುತ್ತದೆ. ಇಷ್ಟು ಬೆಣ್ಣೆ, ಇಷ್ಟು ಕೆನೆಯನ್ನು ಎದುರಿಸಿ ನಿಲ್ಲಲು ಒಂದು ಕಹಿ, ಒಂದು ಉಪ್ಪು ಬೇಕು. ಗಾಣದಲ್ಲಿ ಕಮ್ಮಿ ರೇಟಿಗೆ ಕೊಟ್ಟದ್ದು ಅದನ್ನೇ.

ಕುಕ್ಕರ್ ತೆರೆದರು. ಕೇಕ್ ನಡುವೆ ಉಬ್ಬಿ, ಒಂದು ಕಡೆ ಸೀಳಿದೆ. ಉಸುಕಿನ ಶಾಖ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕಣಕಿಯ ದಂಟಿನಿಂದ ಸೀಳಿ ತೊಳೆದಿಟ್ಟ ಕಡ್ಡಿಯನ್ನು ನಡುವಿಗೆ ಚುಚ್ಚಿದಳು, ಹಸಿ ಹಿಟ್ಟು ಹತ್ತಲಿಲ್ಲ. ಅದೇ ಕಡ್ಡಿಯಿಂದ ಮೈತುಂಬ ತೂತು. ಡಬ್ಬಿಯಲ್ಲಿ ಇರುವಾಗಲೇ ಅರ್ಧ ಪಾಕ ಸುರಿಯಬೇಕು, ಎರಡೂ ಬಿಸಿ ಇರುವಾಗಲೇ. ಆರಿದ ಕೇಕ್ ಪಾಕವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತೂತುಗಳಲ್ಲಿ ಪಾಕ ಇಳಿಯುತ್ತ ಪುಟಪುಟ ಗುಳ್ಳೆ ಮೇಲೆ ಬರುತ್ತವೆ. ಹತ್ತು ನಿಮಿಷದ ಮೇಲೆ ಪರಾತಕ್ಕೆ ಬೋರಲು ಹಾಕಿದಾಗ ತಳದ ಮೂಲೆಯೊಂದು ಡಬ್ಬಿಯಲ್ಲೇ ಉಳಿಯಿತು. ಬಾಗಿಲ ಹುಡುಗರು ಅದಕ್ಕೇ ಕಾದಿದ್ದವರಂತೆ ಡಬ್ಬಿ ಎತ್ತಿಕೊಂಡು ಓಡಿದರು.

ಉಳಿದ ಅರ್ಧ ಪಾಕ ತಾಟಿಗೆ ಬಂದ ಮೇಲೆ. ಒಂದು ತುಂಡು, ಮೇಲೆ ಎರಡು ಚಮಚ, ಪಕ್ಕಕ್ಕೆ ಆರಿದ ಕೆನೆ. ನಿಮ್ಮ ತಾಟೂ ಬಂತು. ತುಂಡು ಕತ್ತರಿಸಲು ಚಮಚವೇ ಸಾಕು. ಹೊರಮೈ ಜಿಗುಟು, ಒಳಗೆ ಹಬೆ, ಅಲ್ಲಲ್ಲಿ ಉತ್ತತ್ತಿಯ ನಾರು. ಒಣಶುಂಠಿ ಕೊನೆಗೆ ಗಂಟಲಲ್ಲಿ ಬೆಚ್ಚಗಾಗುತ್ತದೆ. ಸೊಸೆ ಹುಬ್ಬೇರಿಸಿ ಅತ್ತೆಯ ಕಡೆ ನೋಡಿದಳು. ಅತ್ತೆ ಗೋಡೆ ನೋಡಿದರು.

"ಹೆಂಗ ಅದರಿ ಅತ್ತಿ?"

"ಹುಗ್ಗಿನೂ ಅಲ್ಲ, ಮಾದ್ಲಿನೂ ಅಲ್ಲ. ಬಿಸಿ ಅದ, ಛಲೋ ಅದ. ನಾಳಿಗಿ ಉಳಿದ್ರ ತುಪ್ಪ ಹಾಕ್ಕೊಂಡು ತಿಂತೀನಿ."

ಉಳಿಯುವ ಲಕ್ಷಣ ಇಲ್ಲ. ಪಡಸಾಲೆಯಿಂದ ಮಾವ ಖಾಲಿ ತಾಟು ಹಿಡಿದು ಎರಡನೆಯ ಸಲ ಬಂದಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ. ಕಪಾಟಿನಲ್ಲಿ ಗುಳಿಗೆಯ ಪಟ್ಟಿ, ಕಲಬುರಗಿಯ ಡಾಕ್ಟರ ಚೀಟಿ.

"ನಿಮಗ ಸಾಕು. ಶುಗರ್ ಏರ್ತದ."

"ಇದ್ರಾಗ ಸಕ್ರಿ ಎಲ್ಲದ? ಬರೀ ಬೆಲ್ಲ ಅದ."

"ಬೆಲ್ಲ ಏನ್ ಬ್ಯಾರೆ ದಾರೀಲಿ ಹೋಗ್ತದೇನ್ ರಕ್ತದಾಗ?"

ಅತ್ತೆಯ ಮಾತು ವೈದ್ಯಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ಮಾವ ವಾದ ಬಿಟ್ಟು ಚೌಕಾಸಿಗೆ ಇಳಿದರು: ಅರ್ಧ ತುಂಡು, ಪಾಕ ಬ್ಯಾಡ. ಸೊಸೆ ಬೆರಳಗಲದ ಒಂದು ತುಂಡು ಕೊಟ್ಟಳು. ಅವರು ಅದನ್ನು ತೆಗೆದುಕೊಂಡು ಒಲೆಯ ಹತ್ತಿರ ಹೋಗಿ, ಪಾತೇಲಿಯ ತಳಕ್ಕೆ ಒರೆಸಿ, ಬಾಯಿಗೆ ಹಾಕಿಕೊಂಡು, ಅತ್ತೆ ಏಳುವಷ್ಟರಲ್ಲಿ ಅಂಗಳ ದಾಟಿದ್ದರು.